ಕೊಕ್ಕರೆ ಮಾರ್ಕಿನ ಪೈಪು

"ಎಲ್ಲರೂ ಒಪ್ಪಿ ಮುರಿದ ಮೇಲೂ ಒಂದು ಕಟ್ಟಳೆ ಕಟ್ಟಳೆಯಾಗಿಯೇ ಉಳಿಯುತ್ತದೆಯೇ, ಬುದ್ಧಿ?"

ಕೇಳಿದವನು ಚೆನ್ನವೀರ, ಮಠದ ಶಿಷ್ಯ. ಕೇಳಿಸಿಕೊಂಡವರು ಅವನ ಗುರು. ಇಬ್ಬರ ನಡುವೆ ಒಂದು ಹಿತ್ತಾಳೆಯ ತಟ್ಟೆ ಇತ್ತು. ತಟ್ಟೆಯಲ್ಲಿ ಮಡಿಸಿಟ್ಟ ಹೊಸ ಕಾವಿ ಬಟ್ಟೆ ಇತ್ತು.

ಮೊದಲು ಸೇವೆ, ಆಮೇಲೆ ಕಾವಿ. ಆ ಮಠದ ಕಟ್ಟಳೆ ಇಷ್ಟೇ. ಶಿಷ್ಯನಾದವನು ಅಡುಗೆಮನೆಯ ಹೊಗೆ ಕುಡಿಯಬೇಕು. ಕೊಟ್ಟಿಗೆಯಲ್ಲಿ ಸಗಣಿ ಬಾಚಬೇಕು. ಜೋಳಿಗೆ ಹಿಡಿದು ಊರೂರು ತಿರುಗಬೇಕು, ಕಂಡವರ ಬಾಗಿಲಲ್ಲಿ ನಿಂತು ಬೈಸಿಕೊಳ್ಳಬೇಕು. ಓದಬೇಕು, ಓದಿದ್ದು ತಲೆಗೆ ಹತ್ತಲಿಲ್ಲವೆಂದು ಗೊತ್ತಾದಾಗ ಮತ್ತೆ ಮೊದಲಿನಿಂದ ಓದಬೇಕು. ಗುರು ಸಾಕು ಎಂದ ದಿನ ಕಾವಿ. ಅದಕ್ಕೆ ಮುಂಚೆ ಇಲ್ಲ.

ಚೆನ್ನವೀರ ಇದರಲ್ಲಿ ಕಾಲು ಭಾಗವನ್ನೂ ಮಾಡಿರಲಿಲ್ಲ. ಮಾಡಲಾರದವನಲ್ಲ, ಪುರುಸೊತ್ತು ಸಿಗಲಿಲ್ಲ. ಅವನ ಕಂಠ ಚೆನ್ನಾಗಿತ್ತು. ಮಾತು ಕಂಠಕ್ಕಿಂತ ಚೆನ್ನಾಗಿತ್ತು. ಸಭೆಗಳಿಗೆ ಕರೆ ಬರತೊಡಗಿತು. ಹೋದಲ್ಲಿ ಜನ ಕಾಲಿಗೆ ಬೀಳತೊಡಗಿದರು. ಮಠದ ಟ್ರಸ್ಟಿನವರು ಇದನ್ನು ನೋಡಿದರು. ಅವನಿಗೆ ಪಟ್ಟ ಕಟ್ಟಲು ದಿನ ಗೊತ್ತುಮಾಡಿದರು. ಊರ ತುಂಬ ಫ್ಲೆಕ್ಸ್ ಕಟ್ಟಿಸಿದರು. ಫ್ಲೆಕ್ಸಿನಲ್ಲಿ ಚೆನ್ನವೀರ ಆಗಲೇ ಕಾವಿಯಲ್ಲಿದ್ದ. ಇಷ್ಟೆಲ್ಲ ಆದ ಮೇಲೆ ಗುರುವಿಗೆ ತಿಳಿಸಿದರು.

ಆ ಬೆಳಿಗ್ಗೆ ತಟ್ಟೆ ತಂದಿಟ್ಟವರು ಟ್ರಸ್ಟಿನ ಅಧ್ಯಕ್ಷರು. ಅವರು ವಿನಯವಂತರು.

"ನಾಳೆ ತಾವೇ ತೊಡಿಸಿದರೆ ನಮಗೆಲ್ಲ ಸಂತೋಷ, ಬುದ್ಧಿ. ತಮಗೆ ಆಗದಿದ್ದರೆ ಬೇರೆ ಮಠದ ಸ್ವಾಮಿಗಳು ಬಂದು ತೊಡಿಸುತ್ತಾರೆ. ಅವರಿಗೆ ಹೇಳಿಯೂ ಆಗಿದೆ. ಆದರೆ ಆಮೇಲೆ ಇಲ್ಲಿ ಇರುವುದಕ್ಕೆ ತಮಗೇ ಮನಸ್ಸು ಬರಲಿಕ್ಕಿಲ್ಲ."

ಗುರುವಿಗೆ ಆ ಮಠ ಬಿಟ್ಟರೆ ಬೇರೆ ಸೂರು ಇರಲಿಲ್ಲ. ಅದು ಅಧ್ಯಕ್ಷರಿಗೆ ಗೊತ್ತಿತ್ತು. ಉತ್ತರ ತಿಳಿದುಕೊಂಡೇ ಹೋಗುತ್ತೇನೆಂದು ಅವರು ಹೊರಗೆ ಜಗಲಿಯ ಮೇಲೆ ಕೂತಿದ್ದರು.

"ಎಲ್ಲರೂ ಒಪ್ಪಿದ್ದಾರೆ, ಬುದ್ಧಿ," ಎಂದ ಚೆನ್ನವೀರ. "ಭಕ್ತರು ಒಪ್ಪಿದ್ದಾರೆ. ಪಾಠ ಹೇಳುವ ಶಾಸ್ತ್ರಿಗಳು ಒಪ್ಪಿದ್ದಾರೆ. ಅಡುಗೆಯ ಸಿದ್ದಮ್ಮ ಕೂಡ ಒಪ್ಪಿದ್ದಾಳೆ."

"ಸಿದ್ದಮ್ಮ ನೀನು ತಿರುವಿದ ಮುದ್ದೆ ತಿಂದವಳು. ನಿನ್ನನ್ನು ಅಡುಗೆಮನೆಯಿಂದ ದಾಟಿಸುವುದಾದರೆ ಅವಳು ಏನನ್ನಾದರೂ ಒಪ್ಪುತ್ತಾಳೆ."

ಚೆನ್ನವೀರ ನಕ್ಕ. ಗುರು ನಗಲಿಲ್ಲ.

"ಕಾವಿ ಮೊದಲು ಬರಲಿ," ಎಂದು ಅವನು ಮುಂದುವರಿಸಿದ. "ಕಲಿಯುವುದು ಎಲ್ಲಿಗೆ ಓಡಿಹೋಗುತ್ತದೆ? ಆಮೇಲೆ ತಾವು ಹೇಗೆ ಬಗ್ಗಿಸಿದರೆ ಹಾಗೆ ಬಗ್ಗುತ್ತೇನೆ."

ತಟ್ಟೆಯನ್ನೇ ನೋಡುತ್ತಿದ್ದ ಗುರು ತಲೆ ಎತ್ತಿದರು.

"ಬಗ್ಗುತ್ತೀಯಾ?"

"ಬಗ್ಗುತ್ತೇನೆ, ಬುದ್ಧಿ."

"ಹಾಗಾದರೆ ಕೂತುಕೋ," ಎಂದರು ಗುರು. ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಬೀದಿ ಇತ್ತು. ಆ ಬೀದಿಯಲ್ಲಿ ಬಚ್ಚಲುಮನೆಯ ಷವರಿಗೆ ಪೈಪು ಮಾಡುತ್ತಿದ್ದರು. ಗೋಡೆಯಿಂದ ಹೊರಟು, ಕತ್ತು ಬಗ್ಗಿಸಿ, ತಲೆಯ ಮೇಲೆ ನೀರು ಬಿಡುತ್ತದಲ್ಲ, ಆ ಪೈಪು. ಬೀದಿಯ ಮೇಲ್ತುದಿಯಲ್ಲಿ ಬಗ್ಗಿಸುವವರ ಮನೆಗಳು. ಕೆಳತುದಿಯಲ್ಲಿ ಪ್ಲೇಟಿಂಗಿನವರ ಮನೆಗಳು. ಹಿತ್ತಾಳೆಯ ಪೈಪು ನೆಟ್ಟಗೆ ಮೇಲ್ತುದಿಗೆ ಬರುತ್ತಿತ್ತು. ಬಗ್ಗಿಸುವವನು ಅದರೊಳಗೆ ಒಣಮರಳು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಬಡಿದು, ಬೆಂಕಿಯಲ್ಲಿ ಕಾಯಿಸಿ, ಅಚ್ಚಿನ ಮೇಲೆ ಒತ್ತಿ ಬಗ್ಗಿಸುತ್ತಿದ್ದ. ಮರಳು ಒಳಗಿದ್ದರೆ ಪೈಪು ಚಪ್ಪಟೆಯಾಗುವುದಿಲ್ಲ. ಬೆಂಕಿ ತಗಲಿದರೆ ಹಿತ್ತಾಳೆ ಹಟ ಬಿಡುತ್ತದೆ. ಬಗ್ಗಿದ ಪೈಪು ಆಮೇಲೆ ಕೆಳತುದಿಗೆ ಹೋಗುತ್ತಿತ್ತು. ಪ್ಲೇಟಿಂಗಿನವನು ಅದನ್ನು ಚಕ್ರಕ್ಕೆ ಕೊಟ್ಟು ಉಜ್ಜಿ, ತೊಟ್ಟಿಯಲ್ಲಿ ಮುಳುಗಿಸಿ, ಕ್ರೋಮ್ ಹಿಡಿಸುತ್ತಿದ್ದ. ಕನ್ನಡಿಯಂತೆ ಹೊಳೆಯುತ್ತಿತ್ತು.

ಮೊದಲು ಬಗ್ಗಿಸು, ಆಮೇಲೆ ಹೊಳಪು ಕೊಡು. ಆ ಬೀದಿಯ ಕಟ್ಟಳೆ ಇದು. ಯಾರೂ ಬರೆದಿಟ್ಟದ್ದಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಹಿತ್ತಾಳೆ ಬಗ್ಗುತ್ತದೆ. ಅದರ ಮೇಲಿನ ಕ್ರೋಮ್ ಬಗ್ಗುವುದಿಲ್ಲ. ಅದು ಮೊಟ್ಟೆಯ ಚಿಪ್ಪಿನಂತೆ, ಗಟ್ಟಿ ಇದೆ ಎಂದೇ ಒಡೆಯುತ್ತದೆ.

ಆ ಬೀದಿಗೆ ಇನ್ನೊಂದು ಪದ್ಧತಿಯೂ ಇತ್ತು. ಪ್ರತಿ ಮನೆಗೂ ಒಂದು ಗುರುತು. ಕಬ್ಬಿಣದ ಅಚ್ಚಿನಲ್ಲಿ ಕೊರೆದು ಇಟ್ಟುಕೊಂಡಿರುತ್ತಿದ್ದರು. ಕೆಲಸ ಮುಗಿದ ಪೈಪಿನ ಮೇಲೆ ಅದನ್ನಿಟ್ಟು ಒಂದು ಏಟು ಹೊಡೆಯುವುದು. ಪ್ಲೇಟಿಂಗಿನ ಒಬ್ಬನ ಗುರುತು ಮೀನು. ಬಗ್ಗಿಸುವ ಒಬ್ಬನ ಗುರುತು ಕೊಕ್ಕರೆ. ನಾನು ಹೇಳುತ್ತಿರುವುದು ಈ ಇಬ್ಬರ ಮಾತು.

ಬಗ್ಗಿಸುವವನು ತನ್ನ ಕೊಕ್ಕರೆಯನ್ನು ಪೈಪು ಬಗ್ಗಿದ ಜಾಗದ ಬೆನ್ನಿನ ಮೇಲೆ ಹೊಡೆಯುತ್ತಿದ್ದ. ಆದರೆ ಆ ಪೈಪು ಕೆಳತುದಿಗೆ ಹೋದ ಕೂಡಲೇ ಉಜ್ಜುವ ಚಕ್ರ ಅದನ್ನು ಅಳಿಸಿಹಾಕುತ್ತಿತ್ತು. ಪ್ಲೇಟಿಂಗಿನವನು ಉಜ್ಜಿದ ಮೇಲೆ ತನ್ನ ಮೀನನ್ನು ಹೊಡೆದು, ಆಮೇಲೆ ತೊಟ್ಟಿಗೆ ಇಳಿಸುತ್ತಿದ್ದ. ಮೀನಿನ ಮೇಲೆಯೇ ಕ್ರೋಮ್ ಕೂತು ಅದೂ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಜನ ಮೀನು ಮಾರ್ಕು ಕೊಡಿ ಎಂದು ಕೇಳಿ ಕೊಳ್ಳುತ್ತಿದ್ದರು. ಕೊಕ್ಕರೆ ಎಂಬುದೊಂದು ಇದೆ ಎಂದು ಆ ಬೀದಿಯ ಆಚೆಗೆ ಯಾರಿಗೂ ಗೊತ್ತಿರಲಿಲ್ಲ.

ಅವನ ಹಾಗೆ ಬಗ್ಗಿಸುವವರು ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವನ ಪೈಪಿನ ಒಳಬಾಗಿನಲ್ಲಿ ಒಂದು ಸುಕ್ಕು ಇರುತ್ತಿರಲಿಲ್ಲ. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದದ್ದೇ ಅವನ ಕಷ್ಟ.

ಒಂದು ಮದುವೆಗೆ ಹೋದ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವನು ಕೇಳಿದ:

"ನೀವು ಮೀನು ಮಾರ್ಕಿನವರ ಹತ್ತಿರ ಕೆಲಸಕ್ಕಿದ್ದೀರಂತಲ್ಲ? ಚೆನ್ನಾಗಿ ನೋಡಿಕೊಳ್ಳುತ್ತಾರೇನ್ರೀ?"

ಅವನು ಎಲೆ ಮಡಚಿದ. ಪಾಯಸ ಬರುವ ಮುಂಚೆ ಎದ್ದ. ಮನೆಗೆ ಬಂದವನು ಕೊಕ್ಕರೆಯ ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತ.

ಆ ವರ್ಷ ಒಬ್ಬ ವ್ಯಾಪಾರಿ ಬಂದ. ಒಂದು ಯಾತ್ರಾಸ್ಥಳದಲ್ಲಿ ಬರುವವರಿಗೆಲ್ಲ ದೊಡ್ಡದೊಂದು ಸ್ನಾನಗೃಹ ಕಟ್ಟುತ್ತಿದ್ದರು. ಸಾಲು ಸಾಲು ಷವರು. ಅದಕ್ಕೆಲ್ಲ ಪೈಪು ಕೊಡುತ್ತೇನೆಂದು ಇವನು ಒಪ್ಪಿಕೊಂಡಿದ್ದ. ಉದ್ಘಾಟನೆಗೆ ದಿನ ಗೊತ್ತಾಗಿತ್ತು. ಕೆಲಸ ಆ ದಿನದೊಳಗೆ ಮುಗಿಯುವಂತಿರಲಿಲ್ಲ. ಅವನು ಮೊದಲು ಕೆಳತುದಿಗೆ ಹೋದ.

"ಬಗ್ಗಿದ ಪೈಪು ತೊಟ್ಟಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ! ನೆಟ್ಟಗಿರುವುದನ್ನೇ ಕಟ್ಟು ಕಟ್ಟಾಗಿ ಇಳಿಸಿದರೆ?" ಎಂದು ಕೇಳಿದ.

ಪ್ಲೇಟಿಂಗಿನವನು ತಲೆ ಅಲ್ಲಾಡಿಸಿದ. "ಬಗ್ಗಿಸದೆ ಹೊಳಪು ಕೊಡುವುದುಂಟೇ, ಸಾಹುಕಾರರೇ? ಆಮೇಲೆ ಬಗ್ಗಿಸಿದರೆ ಒಡೆಯುತ್ತದೆ."

"ಒಡೆದರೆ ಯಾರ ಕೈಯಲ್ಲಿ ಒಡೆಯುತ್ತದೆ?"

"ಬಗ್ಗಿಸುವವನ ಕೈಯಲ್ಲಿ."

"ಹಾಗಾದರೆ ಬೇಡ ಅನ್ನಬೇಕಾದವನು ಅವನು. ಅವನು ಅನ್ನದಿದ್ದರೆ ನಿಮಗೇನು?"

ಪ್ಲೇಟಿಂಗಿನವನು ಯೋಚಿಸಿದ. ಬಗ್ಗಿದ ಪೈಪನ್ನು ಚಕ್ರಕ್ಕೆ ಕೊಡುವುದೆಂದರೆ ಸುತ್ತಿ ಸುತ್ತಿ, ತಿರುಗಿಸಿ ತಿರುಗಿಸಿ ಉಜ್ಜಬೇಕು. ನೆಟ್ಟಗಿರುವುದು ಒಂದೇ ಎಳೆತಕ್ಕೆ ಮುಗಿಯುತ್ತದೆ. "ಅವನು ಒಪ್ಪಿದರೆ ನನ್ನದೇನಿದೆ," ಎಂದ.

ವ್ಯಾಪಾರಿ ಮೇಲ್ತುದಿಗೆ ಬಂದ.

"ಆಗುವುದಿಲ್ಲ," ಎಂದ ಬಗ್ಗಿಸುವವನು. "ಹೊಳಪು ಕೊಟ್ಟ ಮೇಲೆ ಬೆಂಕಿಗೆ ಹಿಡಿದರೆ ಬಣ್ಣ ಕೆಡುತ್ತದೆ. ಬೆಂಕಿಯಿಲ್ಲದೆ ಬಗ್ಗಿಸಿದರೆ ಕ್ರೋಮ್ ಸೀಳುತ್ತದೆ. ಮೊದಲು ಬಗ್ಗಿಸಬೇಕು, ಆಮೇಲೆ ಹೊಳಪು. ನಿಮಗೆ ಗೊತ್ತಿಲ್ಲದ್ದೇನಲ್ಲ."

"ಗೊತ್ತಿದೆ. ಮೀನಿನವರಿಗೂ ಗೊತ್ತಿದೆ. ಅವರು ಒಪ್ಪಿದ್ದಾರೆ."

"ಅವರು ಒಪ್ಪುತ್ತಾರೆ. ಒಡೆಯುವುದು ನನ್ನ ಕೈಯಲ್ಲಿ."

ವ್ಯಾಪಾರಿ ಎದ್ದ. ಹೊರಡುವವನಂತೆ ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಒಂದು ಮಾತು ಹೇಳಿ ಹೋಗುತ್ತೇನೆ. ಹೊಳಪು ಮೊದಲಾದರೆ, ಕೊನೆಯ ಕೈ ನಿಮ್ಮದು. ಉಜ್ಜುವ ಚಕ್ರ ನಿಮ್ಮ ಹಿಂದೆ ಬರುವುದಿಲ್ಲ. ಅಷ್ಟು ಜನ ಸ್ನಾನ ಮಾಡುವ ಜಾಗದಲ್ಲಿ ಪ್ರತಿಯೊಂದು ಪೈಪಿನ ಮೇಲೂ ಕೊಕ್ಕರೆ ಇರುತ್ತದೆ."

ಬಗ್ಗಿಸುವವನು ಮತ್ತೆ ಬೇಡ ಎನ್ನಲಿಲ್ಲ. ವ್ಯಾಪಾರಿಯೂ ಮತ್ತೆ ಕೇಳಲಿಲ್ಲ. ಮಾರನೆಯ ದಿನ ಹೊಳೆಯುವ ನೆಟ್ಟನೆಯ ಪೈಪುಗಳು ಮೇಲ್ತುದಿಗೆ ಬಂದವು.

ಅವನು ಕೆಲಸಗಾರ. ಕೆಟ್ಟದಾಗಿ ಮಾಡುವುದು ಅವನಿಗೆ ಬರುತ್ತಿರಲಿಲ್ಲ. ಮರಳು ತುಂಬಿದ. ಬಗ್ಗಿಸುವ ಅಚ್ಚಿಗೆ ಬಟ್ಟೆ ಸುತ್ತಿದ. ಬೆಂಕಿ ಇಲ್ಲದೆ, ಉಸಿರು ಬಿಗಿಹಿಡಿದು, ನಿಧಾನವಾಗಿ ಒತ್ತಿದ. ಪೈಪು ಬಗ್ಗಿತು. ಬಾಗು ಎಂದಿನಂತೆ ಗುಂಡಗಿತ್ತು, ಸುಕ್ಕಿರಲಿಲ್ಲ. ಅದರ ಬೆನ್ನಿನ ಮೇಲೆ ಕೊಕ್ಕರೆಯ ಅಚ್ಚಿಟ್ಟು ಒಂದು ಏಟು ಹೊಡೆದ. ಹೊಳಪಿನ ನಡುವೆ ಕೊಕ್ಕರೆ ಎದ್ದು ನಿಂತಿತು. ತನ್ನ ಗುರುತು ಹೀಗೆ ಕಾಣುತ್ತದೆ ಎಂದು ಅವನು ನೋಡಿದ್ದು ಅದೇ ಮೊದಲು.

ಆಮೇಲೆ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದ. ಏನೋ ತಡೆಯಿತು. ಕೂದಲಿರಬಹುದೆಂದು ಒರೆಸಿದ. ಅದು ಹೋಗಲಿಲ್ಲ. ಬೆಳಕಿಗೆ ಹಿಡಿದ. ಕೊಕ್ಕರೆಯ ಕಾಲಿನಿಂದ ಹೊರಟ ಒಂದು ಗೆರೆ ಬಾಗಿನ ಉದ್ದಕ್ಕೂ ಹರಡಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಕೊಕ್ಕಿನಿಂದ ಮತ್ತೊಂದು.

ಅಲ್ಲಿ ಅವನು ಪೈಪನ್ನು ಕೆಳಗಿಟ್ಟಿದ್ದರೆ ನನ್ನ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಕೆಳಗಿಡಲಿಲ್ಲ. ಅದನ್ನು ಗೋಡೆಗೆ ಹಿಡಿದು ನೋಡಿದ. ಗೋಡೆಯ ಮೇಲೆ ಅದು ಹೇಗಿರುತ್ತದೋ ಹಾಗೆ. ಬಾಗಿದ ಪೈಪಿನ ಬೆನ್ನು ಮೇಲಕ್ಕಿತ್ತು, ಚಾವಣಿಯ ಕಡೆಗೆ. ಅವನು ಕೆಳಗೆ ನಿಂತು ಕತ್ತೆತ್ತಿದ. ಹೊಳಪು ಮಾತ್ರ ಕಾಣುತ್ತಿತ್ತು. ಸ್ನಾನ ಮಾಡುವವನು ಕೆಳಗೆ ನಿಲ್ಲುತ್ತಾನೆ. ಚಾವಣಿಗೆ ಹತ್ತಿ ಯಾರೂ ಸ್ನಾನ ಮಾಡುವುದಿಲ್ಲ.

ಇನ್ನು ಉಳಿದದ್ದು ಗೋಡೆಗೆ ಏರಿಸುವ ಮುಂಚೆ ಕೈಯಲ್ಲಿ ಹಿಡಿದು ನೋಡುವವರ ಕಣ್ಣು. ಮೇಣದಲ್ಲಿ ಬೆಳ್ಳಿಬಣ್ಣದ ಪುಡಿ ಕಲಸಿ ಗೆರೆಗಳಿಗೆ ತೀಡಿದ. ಬಟ್ಟೆಯಿಂದ ಒರೆಸಿದ. ಕೊಕ್ಕರೆ ಉಳಿಯಿತು, ಗೆರೆ ಕಾಣದಾಯಿತು.

ಅವನ ಮನೆಯಲ್ಲಿ ಮರಳು ಜರಡಿ ಹಿಡಿದು ಒಣಗಿಸುವವಳೂ, ಕೆಲಸದ ಜಾಗ ಗುಡಿಸುವವಳೂ ಅವನ ಹೆಂಡತಿ. ಆ ವಾರ ಅವಳು ಮೊರದಲ್ಲಿ ಕಸ ಹಿಡಿದುಕೊಂಡು ಬಂದು ಅವನ ಮುಂದೆ ನಿಂತಳು.

"ಬೆಂಕಿ ಹಚ್ಚದ ಮನೆಯಲ್ಲಿ ಇದೇನ್ರೀ ಹೊಳೆಯೋದು?"

"ಧೂಳು."

"ಧೂಳು ಕಾಲಿಗೆ ಚುಚ್ಚುತ್ತದಾ?"

ಅವಳು ಪಾದ ಎತ್ತಿ ತೋರಿಸಿದಳು. ಒಂದು ಚುಕ್ಕೆ ರಕ್ತ, ಅದರ ನಡುವೆ ಹೊಳೆಯುವ ಚೂರು.

"ಚಪ್ಪಲಿ ಹಾಕಿಕೊಂಡು ಗುಡಿಸು," ಎಂದ ಅವನು.

"ಆಯಿತು. ಸ್ನಾನ ಮಾಡುವವರಿಗೂ ಛತ್ರಿ ಹಿಡಿದುಕೊಂಡು ಮಾಡಿ ಅಂತ ಹೇಳಿಕಳಿಸಿ."

ಅಷ್ಟು ಹೇಳಿದಳು. ಹೇಳಿ ಒಳಗೆ ಹೋದಳು. ಚಪ್ಪಲಿ ಹಾಕಿಕೊಂಡು ಗುಡಿಸಿದಳು. ಅವಳೂ ಬೇಡ ಎಂದದ್ದು ಅಷ್ಟಕ್ಕೇ ಮುಗಿಯಿತು.

ಕೊಕ್ಕರೆ ಮಾರ್ಕು ಹೆಸರಾಯಿತು. ಬೇಗ ಆಗುತ್ತದೆ, ಚೆನ್ನಾಗಿ ಹೊಳೆಯುತ್ತದೆ ಎಂದು ಬೇರೆ ಊರುಗಳಿಂದಲೂ ಕೇಳಿ ಬಂದರು. ಮೇಲ್ತುದಿಯ ಉಳಿದವರು ಇವನನ್ನು ನೋಡಿದರು. ಇವನಿಗಿರುವ ಗುರುತು ನಮಗೇಕೆ ಬೇಡ ಎಂದು ಅವರೂ ಹೊಳೆಯುವ ಪೈಪನ್ನೇ ಕೇಳಿ ತರಿಸಿಕೊಂಡರು. ಒಂದೊಂದೇ ಮನೆಯ ಬೆಂಕಿ ಆರಿತು. ಮುಂದಿನ ಮದುವೆಯಲ್ಲಿ ಬಗ್ಗಿಸುವವನನ್ನು ಕೈಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವನು ಪಾಯಸವನ್ನು ಎರಡು ಸಲ ಹಾಕಿಸಿಕೊಂಡ.

ನೀರಿಗೆ ಮದುವೆ ಗೊತ್ತಿಲ್ಲ, ಮಾರ್ಕು ಗೊತ್ತಿಲ್ಲ. ಸ್ನಾನಗೃಹದಲ್ಲಿ ಅದು ತನ್ನ ಕೆಲಸ ಮಾಡುತ್ತಿತ್ತು. ಆವಿ ಮೇಲೇರಿ ಪೈಪಿನ ಬೆನ್ನಿಗೆ ಕೂತಿತು. ಮೇಣ ಕರಗಿತು. ಗೆರೆಯೊಳಗೆ ತೇವ ಇಳಿಯಿತು. ಕ್ರೋಮಿನ ಅಡಿಯಲ್ಲಿ ಹಿತ್ತಾಳೆ ಹಸಿರಾಯಿತು. ಹಸಿರು ಉಬ್ಬಿದಂತೆ ಮೇಲಿನ ಪದರ ಎದ್ದಿತು. ಎಲ್ಲಕ್ಕಿಂತ ಮೊದಲು ಎದ್ದದ್ದು ಕೊಕ್ಕರೆಯ ಸುತ್ತ, ಏಟು ಬಿದ್ದ ಜಾಗದಲ್ಲಿ.

ಒಂದು ಬೆಳಿಗ್ಗೆ ಅಲ್ಲಿಗೆ ಒಬ್ಬ ಹೆಂಗಸು ಬಂದಳು. ಹರಕೆ ತೀರಿಸಲು ದೂರದಿಂದ ಬಂದವಳು. ಷವರಿನ ಕೆಳಗೆ ನಿಂತು ಮುಖ ಮೇಲೆತ್ತಿದಳು. ದೇವರ ಎದುರು ನಿಲ್ಲುವ ಮುಂಚೆ ಎಲ್ಲರೂ ಹಾಗೆಯೇ ಮುಖ ತೊಳೆಯುತ್ತಾರೆ.

ವೈದ್ಯರು ಅವಳ ಕಣ್ಣಿನಿಂದ ಒಂದು ಚೂರು ತೆಗೆದರು. ಎಳ್ಳಿನಷ್ಟಿತ್ತು. ಕಣ್ಣನ್ನು ಉಳಿಸಲಾಗಲಿಲ್ಲ. ಚೂರನ್ನು ಭೂತಗನ್ನಡಿಯ ಕೆಳಗಿಟ್ಟು ಅವಳ ಅಣ್ಣನಿಗೆ ತೋರಿಸಿದರು. ಅದರ ಮೇಲೆ ಒಂದು ಹಕ್ಕಿಯ ಕತ್ತು ಇತ್ತು.

ಸುದ್ದಿ ಬೀದಿಗೆ ಬಂತು. ಎಲ್ಲರೂ ವ್ಯಾಪಾರಿಯ ಗೋದಾಮಿನಲ್ಲಿ ಸೇರಿದರು.

"ನಾನು ಮೊದಲೇ ಹೇಳಿದ್ದೆ," ಎಂದ ಪ್ಲೇಟಿಂಗಿನವನು. "ಬಗ್ಗಿಸದೆ ಹೊಳಪು ಕೊಡುವುದುಂಟೇ ಎಂದು ಕೇಳಿದ್ದೆ. ಸಾಹುಕಾರರೇ, ಕೇಳಿದ್ದೆನೋ ಇಲ್ಲವೋ?"

"ನಾನೂ ಹೇಳಿದ್ದೆ," ಎಂದ ಬಗ್ಗಿಸುವವನು. "ಆಗುವುದಿಲ್ಲ ಎಂದೇ ಹೇಳಿದ್ದೆ."

"ನಾನು ಯಾರ ಕೈಯನ್ನೂ ಹಿಡಿದು ಬಗ್ಗಿಸಲಿಲ್ಲ," ಎಂದ ವ್ಯಾಪಾರಿ. "ಕೇಳಿದೆ. ನೀವು ಕೊಟ್ಟಿರಿ."

ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಚೆನ್ನವೀರ. ಅದನ್ನು ಗಮನಿಸು. ಪ್ರತಿಯೊಬ್ಬನೂ ಒಂದು ಸಲ ಬೇಡ ಎಂದಿದ್ದ. ಆ ಒಂದು ಸಲವನ್ನು ಪ್ರತಿಯೊಬ್ಬನೂ ಜೋಪಾನವಾಗಿ ಇಟ್ಟುಕೊಂಡಿದ್ದ, ಇಂಥ ದಿನಕ್ಕೆ ಬೇಕಾಗುತ್ತದೆ ಎಂದು.

"ಆ ಅಣ್ಣ ತಂಗಿ ಇಲ್ಲಿಗೇ ಬರುತ್ತಿದ್ದಾರಂತೆ," ಎಂದ ವ್ಯಾಪಾರಿ. "ಕೊನೆಯ ಕೈ ಯಾರದೋ ಹೊಣೆ ಅವರದು. ಬೀದಿಯ ಪದ್ಧತಿ ಅದೇ ತಾನೇ?"

"ಹೊಣೆ ನನ್ನೊಬ್ಬನದೇ ಆದರೆ ನಾನು ಎಲ್ಲವನ್ನೂ ಹೇಳುತ್ತೇನೆ," ಎಂದ ಬಗ್ಗಿಸುವವನು. "ನೆಟ್ಟಗಿರುವುದಕ್ಕೆ ಹೊಳಪು ಕೊಟ್ಟವರು ಯಾರು, ಕೊಡಿಸಿದವರು ಯಾರು, ಎಲ್ಲವನ್ನೂ."

ಆಮೇಲೆ ಪ್ಲೇಟಿಂಗಿನವನು ಮೆಲ್ಲಗೆ ಹೇಳಿದ:

"ಅಣ್ಣಾ, ನನ್ನ ಆಸಿಡ್ ತೊಟ್ಟಿಯಲ್ಲಿ ಕಬ್ಬಿಣ ಉಳಿಯುವುದಿಲ್ಲ."

ಎಲ್ಲರಿಗೂ ಅರ್ಥವಾಯಿತು. ಎಲ್ಲರೂ ಬಗ್ಗಿಸುವವನನ್ನು ನೋಡಿದರು. ಅವನು ಮನೆಗೆ ಹೋಗಿ ಕೊಕ್ಕರೆಯ ಅಚ್ಚು ತಂದ. ಅವನ ಅಪ್ಪನಿಂದ ಬಂದ ಅಚ್ಚು ಅದು. ತನ್ನ ಕೈಯಿಂದಲೇ ತೊಟ್ಟಿಗೆ ಬಿಟ್ಟ.

ಅಣ್ಣ ತಂಗಿ ಬಂದರು. ಅವಳ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಅಣ್ಣ ಕಾಗದದಲ್ಲಿ ಸುತ್ತಿದ್ದ ಚೂರನ್ನು ಅಂಗೈ ಮೇಲಿಟ್ಟುಕೊಂಡು ಮನೆಯಿಂದ ಮನೆಗೆ ಹೋದ. ಅವರು ಜಗಳಕ್ಕೆ ಬಂದವರಾಗಿರಲಿಲ್ಲ. ಪರಿಹಾರ ಕೇಳಲಿಲ್ಲ. ಮೇಲ್ತುದಿಯಲ್ಲಿ ಬಗ್ಗಿಸುವವನ ಮನೆಯ ಮುಂದೆ ನಿಂತಾಗ ಅವಳೇ ಕೇಳಿದಳು:

"ಈ ಹಕ್ಕಿ ಯಾರದು, ಸ್ವಾಮಿ? ಒಂದು ಸಲ ಹೇಳಿಬಿಡಿ. ನನ್ನ ಕಣ್ಣಿನೊಳಗೆ ಇದ್ದದ್ದು ಯಾರದು ಎಂದು ನನಗೆ ತಿಳಿದಿರಲಿ."

ತನ್ನ ಗುರುತನ್ನು ಯಾರಾದರೂ ಕೇಳಲಿ ಎಂದು ಅವನು ಬದುಕಿನುದ್ದಕ್ಕೂ ಕಾದಿದ್ದ. ಈಗ ಒಬ್ಬಳು ಅಷ್ಟು ದೂರದಿಂದ ಅದೊಂದನ್ನೇ ಕೇಳಲು ಬಂದಿದ್ದಳು.

"ಈ ಬೀದಿಯಲ್ಲಿ ಅಂಥ ಗುರುತು ಯಾರದೂ ಇಲ್ಲ, ತಾಯಿ," ಎಂದ.

ಪಕ್ಕದ ಮನೆಯವನು ಹೌದು ಎಂದ. ಎದುರು ಮನೆಯವನು ಹೌದು ಎಂದ. ಕೆಳತುದಿಯಿಂದ ನೋಡುತ್ತಿದ್ದ ಪ್ಲೇಟಿಂಗಿನವನು ತಲೆಯಾಡಿಸಿದ. ಬಗ್ಗಿಸುವವನ ಹೆಂಡತಿ ಬಾಗಿಲ ಹಿಂದೆ ನಿಂತಿದ್ದಳು. ಅವಳ ಕಾಲಲ್ಲಿ ಚಪ್ಪಲಿ ಇತ್ತು. ಅವಳೂ ಹೊರಗೆ ಬರಲಿಲ್ಲ.

ಆ ಹೆಂಗಸು ಇದ್ದ ಒಂದು ಕಣ್ಣಿನಿಂದ ಎಲ್ಲರನ್ನೂ ಒಮ್ಮೆ ನೋಡಿದಳು. ಅಣ್ಣನ ತೋಳು ಹಿಡಿದುಕೊಂಡು ಹೊರಟುಹೋದಳು. ಅವಳ ಹೆಸರೇನು ಎಂದು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಗುರು ಇಲ್ಲಿಗೆ ನಿಲ್ಲಿಸಿದರು. ಹೊರಗೆ ಜಗಲಿಯ ಮೇಲೆ ಅಧ್ಯಕ್ಷರು ಕೆಮ್ಮಿದರು. ಕೇಳಿಸಲೆಂದೇ ಕೆಮ್ಮಿದ ಕೆಮ್ಮು ಅದು.

"ಆಮೇಲೆ ಆ ಬೀದಿಯವರು ಬುದ್ಧಿ ಕಲಿತಿರಬೇಕು," ಎಂದ ಚೆನ್ನವೀರ. "ಮತ್ತೆ ಮೊದಲು ಬಗ್ಗಿಸಿ ಆಮೇಲೆ ಹೊಳಪು ಕೊಡತೊಡಗಿರಬೇಕು."

"ಬುದ್ಧಿ ಕಲಿತರು. ಗುರುತು ಹೊಡೆಯುವುದನ್ನು ಬಿಟ್ಟರು. ಈಗ ಆ ಬೀದಿಯ ಪೈಪಿನ ಮೇಲೆ ಯಾರ ಮಾರ್ಕೂ ಇರುವುದಿಲ್ಲ. ಗೆರೆ ಮಾತ್ರ ಇರುತ್ತದೆ. ಬೆನ್ನಿನ ಮೇಲೆ."

ಚೆನ್ನವೀರ ತಟ್ಟೆಯನ್ನು ನೋಡಿದ. ಬಟ್ಟೆ ಹೊಸದು. ಮಡಿಕೆ ಇನ್ನೂ ಗರಿಗರಿಯಾಗಿತ್ತು.

"ನಾನು ಪೈಪಲ್ಲ, ಬುದ್ಧಿ," ಎಂದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ನನ್ನಲ್ಲಿ ಬಿರುಕು ಬಿಟ್ಟರೆ ಮೊದಲು ನನಗೇ ಗೊತ್ತಾಗುತ್ತದೆ."

"ಗೊತ್ತಾಗುತ್ತದೆ. ಆ ಮಗ್ಗುಲನ್ನು ಚಾವಣಿಯ ಕಡೆಗೆ ತಿರುಗಿಸಿಕೊಳ್ಳುವುದೂ ಗೊತ್ತಾಗುತ್ತದೆ. ಕಾಲಿಗೆ ಬೀಳುವವರು ಕೆಳಗಿನಿಂದ ನೋಡುತ್ತಾರೆ, ಮರಿ."

"ತಾವು ಇರುತ್ತೀರಲ್ಲ, ತಿದ್ದುವುದಕ್ಕೆ."

"ಕಾವಿ ತೊಟ್ಟ ಮೇಲೆ ನಿನ್ನನ್ನು ನಾನು ಕೊಟ್ಟಿಗೆಗೆ ಅಟ್ಟಲಾರೆ, ಬೈದರೆ ಜನ ಸಹಿಸಲಾರರು. ಬೆಂಕಿಗೆ ಹಿಡಿಯುವ ಹಾಗಿಲ್ಲ. ಬರಿಗೈಯಲ್ಲಿ ಒತ್ತಬೇಕು. ಒತ್ತಬಲ್ಲೆ, ನನಗೂ ಕೆಲಸ ಗೊತ್ತಿದೆ. ಆಮೇಲೆ ಇಂಥವರ ಶಿಷ್ಯ ಎಂದು ಎಲ್ಲ ಕಡೆ ನನ್ನ ಹೆಸರು ಹೇಳುತ್ತಾರೆ. ಅಧ್ಯಕ್ಷರು ಬೆಳಿಗ್ಗೆ ಅದನ್ನೂ ಹೇಳಿದರು."

ಅಧ್ಯಕ್ಷರು ಇನ್ನೊಮ್ಮೆ ಕೆಮ್ಮಿದರು. ಚೆನ್ನವೀರ ಬಾಗಿಲ ಕಡೆ ನೋಡಿದ, ಗುರುವಿನ ಕಡೆ ನೋಡಿದ. ಗೂಟದಲ್ಲಿ ಗುರುವಿನ ಹಳೆಯ ಜೋಳಿಗೆ ತೂಗುತ್ತಿತ್ತು. ಆ ಕೋಣೆಯಲ್ಲಿ ಅವರದೆನ್ನುವುದು ಅದೊಂದೇ.

"ಅಷ್ಟು ಮನೆಗಳಲ್ಲಿ," ಎಂದು ಅವನು ಕೊನೆಗೆ ಕೇಳಿದ, "ಕೊನೆಯವರೆಗೂ ಬೇಡ ಎಂದವನು ಒಬ್ಬನೂ ಇರಲಿಲ್ಲವೇ, ಬುದ್ಧಿ?"

ಗುರು ಎದ್ದರು. ಜೋಳಿಗೆಯನ್ನು ಗೂಟದಿಂದ ತೆಗೆದು ಹೆಗಲಿಗೆ ಹಾಕಿಕೊಂಡರು.

"ಆ ಬೀದಿಯಲ್ಲಿ ಇರಲಿಲ್ಲ," ಎಂದು ಹೇಳಿ, ಕಾವಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಹೊಸಿಲಿನಾಚೆ ಅಧ್ಯಕ್ಷರ ಕಾಲ ಬಳಿ ಇಟ್ಟರು.